ಚಿಪ್‌ನ ಮೂರನೆಯ ಕಾಲು

"ನಾನು ಹೌದು ಎನ್ನಲಿಲ್ಲ, ಇಲ್ಲ ಎನ್ನಲೂ ಇಲ್ಲ. ಸುಮ್ಮನಿದ್ದವನಿಗೆ ಪಾಪ ಹೇಗೆ ತಟ್ಟುತ್ತದೆ, ಗುರುಗಳೇ?" ಎಂದು ಶಿಷ್ಯ ಸಿದ್ಧವೀರ ಕೇಳಿದ.

ಮಠದ ತುಪ್ಪದ ಡಬ್ಬಿಯನ್ನು ಪಾರುಪತ್ತೇಗಾರ ತನ್ನ ಮನೆಗೆ ಸಾಗಿಸಿದ್ದನ್ನು ಅವನು ಕಣ್ಣಾರೆ ಕಂಡಿದ್ದ. ಗುರುಗಳು ಊರಲ್ಲಿಲ್ಲದಾಗ ಪಾರುಪತ್ತೇಗಾರ ಆ ಕಳವನ್ನು ಅಡುಗೆಯ ಈರವ್ವನ ತಲೆಗೆ ಕಟ್ಟಿದ. ಬೇರೆ ಏನಾದರೂ ಕಂಡವರಿದ್ದರೆ ಹೇಳಿ ಎಂದು ಅವನೇ ಎಲ್ಲರೆದುರು ಕೇಳಿದಾಗ ಸಿದ್ಧವೀರ ನೆಲ ನೋಡುತ್ತ ನಿಂತಿದ್ದ. ಈ ದಿನ ಬೆಳಿಗ್ಗೆ ಈರವ್ವನನ್ನು ಹೊರಗೆ ಹಾಕಿದರು. ಈಗ ಗುರುಗಳು ಬಂದೊಡನೆ ಎಲ್ಲ ಹೇಳಿಕೊಂಡು, ಎರಡು ಸಮಾಧಾನದ ಮಾತಿಗೆ ಅವನು ಕಾದು ಕುಳಿತಿದ್ದ.

ಗುರುಗಳ ಮುಖ ಕೆಂಪಾಯಿತು. ಕಾವಿ ಉಡುವ ಮೊದಲು ಅವರು ರೇಡಿಯೊ ರಿಪೇರಿ ಮಾಡುತ್ತಿದ್ದವರು. ಸಿಟ್ಟು ಬಂದರೆ ಪುರಾಣ ಬಿಟ್ಟು ಆ ಕಡೆಯ ಕತೆಯನ್ನೇ ಎತ್ತಿಕೊಳ್ಳುವರು.

"ಒಬ್ಬ ಕಸುಬುದಾರ ಇದ್ದ. ತಗಡು ಒತ್ತುವ ಪ್ರೆಸ್ಸಿಗೆ ಒಂದು ಚಿಪ್ ಕೂರಿಸಿದ. ಅಪ್ಪಣೆ ಕೇಳಿಸಿಕೊಳ್ಳಲು ಆ ಚಿಪ್‌ಗೆ ಮೂರು ಲೋಹದ ಕಾಲು. ಯಾವ ಕಾಲಿಗೆ ಹೌದು ಎಂದರೂ ಪ್ರೆಸ್ಸು ಕೆಳಗಿಳಿಯುತ್ತದೆ. ಎರಡು ಕಾಲಿಗೆ ಎರಡು ಗುಂಡಿ ಜೋಡಿಸಿದ. ಮೂರನೆಯದು ಅವನಿಗೆ ಬೇಕಿರಲಿಲ್ಲ. ಬೇಡದ ಕಾಲನ್ನು ಗ್ರೌಂಡ್ ತಂತಿಗೆ ಬೆಸೆದು, ಇಲ್ಲ ಎಂದು ಖಂಡಿತವಾಗಿ ಹೇಳಿಬಿಡಬೇಕು. ಆ ಕಸುಬಿನ ಮೊದಲ ಪಾಠವೇ ಅದು. ಈ ಮಹಾಶಯನಿಗೆ ಒಂದು ಬೆಸುಗೆ ಹಾಕಲು ಕೈ ನೋವು. ಹಾಗೇ ಬಿಟ್ಟ.

"ಮನೆಯ ಮೇಜಿನ ಮೇಲೆ ಎಲ್ಲ ಸರಿಯಾಗಿಯೇ ನಡೆಯಿತು. ಕಾರ್ಖಾನೆಯಲ್ಲಿ ಪಕ್ಕದ ವೆಲ್ಡಿಂಗ್ ಯಂತ್ರ ಶುರುವಾಯಿತು. ಯಾರೂ ಏನೂ ಹೇಳದೆ ಬಿಟ್ಟ ಕಾಲು ಸುಮ್ಮನಿರುತ್ತದೆ ಎಂದುಕೊಂಡೆಯಾ? ಹತ್ತಿರದಲ್ಲಿ ಯಾರ ಕರೆಂಟಿನ ಗದ್ದಲ ಜೋರೋ ಅದನ್ನೇ ಅಪ್ಪಣೆ ಎಂದು ಹಿಡಿಯುತ್ತದೆ. ಗುಂಡಿ ಯಾರೂ ಒತ್ತಲಿಲ್ಲ. ಪ್ರೆಸ್ಸು ಬಿತ್ತು. ತಗಡು ಇಡುತ್ತಿದ್ದ ಹೆಂಗಸಿನ ಬೆರಳುಗಳು ಅದರಡಿ ಇದ್ದವು.

"ಕಸುಬುದಾರ ಆಸ್ಪತ್ರೆಗೆ ಬಂದ. 'ಆ ಕಾಲಿಗೆ ನಾನು ಹೌದು ಅಂದಿರಲಿಲ್ಲ ತಾಯಿ' ಎಂದ.

"'ಇಲ್ಲ ಅಂದಿದ್ದರೆ ನನ್ನ ಬೆರಳು ಉಳಿಯುತ್ತಿದ್ದವಲ್ಲಣ್ಣ' ಎಂದು ಆಕೆ ಗೋಡೆಯ ಕಡೆ ಮುಖ ತಿರುಗಿಸಿದಳು."

ಸಿದ್ಧವೀರನಿಗೆ ಇನ್ನೂ ತನ್ನದೇ ಚಿಂತೆ.

"ಹಾಗಾದರೆ ಆ ಕಸುಬುದಾರನಿಗೆ ಪಾಪ ತಟ್ಟಿತೇ?" ಎಂದು ಮೆಲ್ಲಗೆ ಕೇಳಿದ.

ಗುರುಗಳು ದಡಕ್ಕನೆ ಎದ್ದು ಬಾಗಿಲು ತೆರೆದರು.

"ನಿನ್ನ ಪಾಪಕ್ಕಿಷ್ಟು ಬೆಂಕಿ ಹಾಕು, ನಾನು ಇಳಿದ ಬಸ್ ನಿಲ್ದಾಣದಲ್ಲೇ ಈರವ್ವ ಗಂಟು ಹಿಡಿದು ಕೂತಿದ್ದಾಳೆ, ಅವಳ ಬಸ್ಸು ಇನ್ನೂ ಬಂದಿಲ್ಲ."