ನಿಂಗಾಜಮ್ಮನ ಕಲ್ಲುಮರಿಗೆ ರಾಯಭಾರ ಹೋದದ್ದು

ಒಂದಾನೊಂದು ಊರಿನಲ್ಲಿ ಎಲ್ಲರೂ ನಂಬಿದ್ದ ಸಂಗತಿ ಒಂದಿತ್ತು. ಹಳ್ಳದಾಚೆಯ ಸಾಸಿವೆಗಡದವರು ದಂಡೆತ್ತಿ ಬಾರದೆ ಇರುವುದು ತಮ್ಮ ಸಂಸ್ಕೃತಿಯ ಬಲದಿಂದ. ಊರಿನ ಹೆಸರು ಮೆಂತೆಪುರ. ಈ ಬಗ್ಗೆ ತಲೆ ಕೆಡಿಸಿಕೊಳ್ಳದವಳು ನಿಂಗಾಜಮ್ಮ ಒಬ್ಬಳೇ. ಅವಳಿಗೆ ಅವಳ ಮರಿಗೆ ವಾಪಸು ಬೇಕಿತ್ತು, ಅಷ್ಟೆ.

ಮರಿಗೆ ಎಂದರೆ ಬಳಪದ ಕಲ್ಲಿನ ಪಾತ್ರೆ. ಅಜ್ಜಿಯ ಕಾಲದಿಂದ ಒಂದು ಸಂಜೆಯೂ ತಪ್ಪದೆ ಅದರಲ್ಲಿ ಹಾಲಿಗೆ ಹೆಪ್ಪು ಬಿದ್ದಿತ್ತು. ಮರಿಗೆ ಮಾತಾಡುತ್ತಿತ್ತು. ಅದರಲ್ಲಿ ಆಶ್ಚರ್ಯವೇನಿಲ್ಲ. ಅಷ್ಟು ಕಾಲ ಒಂದೇ ಅಡುಗೆಮನೆಯಲ್ಲಿ ಕೂತರೆ ಯಾರಿಗಾದರೂ ಮಾತು ಬರುತ್ತದೆ.

ಒಂದು ಬೆಳಿಗ್ಗೆ ಸಾಸಿವೆಗಡದ ಕಡೆ ಹೊಗೆ ಎದ್ದಿತು. ಮೆಂತೆಪುರದ ರಾಜ ಕೋಟೆಯ ಮೇಲೆ ನಿಂತು ನೋಡಿದ.

“ಅದೇನು ಹೊಗೆ?”

“ದಂಡಿನ ಅಡುಗೆ ಇರಬೇಕು ಪ್ರಭು,” ಎಂದ ಸಂಸ್ಕೃತಿ ಮಂತ್ರಿ ಕರಿಗಿರಯ್ಯ.

“ಎಷ್ಟು ದಂಡು?”

“ಹೊಗೆ ಕಪ್ಪಗಿದೆ. ಅಂದರೆ ಬಹಳ.”

ರಾಜ ಕೆಳಗೆ ಕೋಟೆಯ ಅಂಗಳದತ್ತ ನೋಡಿದ. ಅವನ ಸೈನಿಕರಿಗೆ ಊಟವಾದ ಮೇಲೆ ಮಲಗುವ ಅಭ್ಯಾಸ. ಊಟಕ್ಕೆ ಮುಂಚೆ ಅವರಿಗೆ ಹಸಿವು.

ಕರಿಗಿರಯ್ಯ ಗಂಟಲು ಸರಿಮಾಡಿಕೊಂಡ. “ನಮ್ಮಲ್ಲೊಂದು ಪದ್ಧತಿ ಇದೆ ಪ್ರಭು. ಬೇರೆ ಮನೆಯವರ ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸಬಾರದು. ಚಿಟಿಕೆ ಸಕ್ಕರೆಯನ್ನಾದರೂ ಹಾಕಿ ಕೊಡಬೇಕು. ನಾವು ಅವರಿಗೆ ಪಾಯಸ ಕಳಿಸೋಣ. ಏನು ತುಂಬಿ ಕೊಡುವುದು ಎಂದು ಯೋಚಿಸುತ್ತಾ ಅವರು ಕೂರುತ್ತಾರೆ. ತುಂಬಿ ಕಳಿಸಿದರೆ ನಾವು ಮತ್ತೆ ತುಂಬಿ ಕಳಿಸೋಣ. ಒಬ್ಬರ ಪಾತ್ರೆ ಮನೆಯಲ್ಲಿಟ್ಟುಕೊಂಡು ಅವರ ಮೇಲೇ ಜಗಳಕ್ಕೆ ಹೋಗುವುದುಂಟೆ?”

ಉಂಟೇ ಎಂದು ರಾಜ ಯೋಚಿಸಿದ. ಇಲ್ಲ ಅನ್ನಿಸಿತು.

ಆದರೆ ಅರಮನೆಯ ಪಾತ್ರೆಗಳೆಲ್ಲ ಹೋದ ಸಂತೆಯಲ್ಲಿ ಕೊಂಡವು. ಹೊಸ ಪಾತ್ರೆಗೆ ಪರಂಪರೆ ಇರುವುದಿಲ್ಲ. ಊರಿನಲ್ಲಿ ಎಲ್ಲಕ್ಕಿಂತ ಹಳೆಯದು ನಿಂಗಾಜಮ್ಮನ ಮರಿಗೆ. ಸೈನಿಕರು ಬಂದರು, ಮರಿಗೆ ತೊಳೆದರು, ಹೊತ್ತುಕೊಂಡು ಹೋದರು. ನಿಂಗಾಜಮ್ಮ ಅವರ ಹಿಂದೆಯೇ ಅರಮನೆಗೆ ಹೋದಳು.

“ನನ್ನ ಮರಿಗೆ ಯಾವಾಗ ಕೊಡ್ತೀರಿ ಬುದ್ಧಿ?”

“ಅದು ಬರಿದಾಗಿ ಬಂದ ದಿನ ತೆಗೆದುಕೊಂಡು ಹೋಗು,” ಎಂದ ರಾಜ. “ಇದು ರಾಜನ ಮಾತು.”

“ಬರಿದಾಗಿ ಕೊಡಬಾರದು ಅನ್ನೋದೇ ಪದ್ಧತಿ ಅಂದ್ರಲ್ಲ.”

“ಅದಕ್ಕೇ ಪ್ರಭುಗಳು ಧಾರಾಳವಾಗಿ ಹೇಳಿದ್ದು,” ಎಂದ ಕರಿಗಿರಯ್ಯ.

ನಿಂಗಾಜಮ್ಮ ಮನೆಗೆ ಬಂದು ಹೆಪ್ಪನ್ನು ತೆಂಗಿನ ಕರಟದಲ್ಲಿ ಇಟ್ಟಳು. ಹೆಪ್ಪು ಮುನಿಸಿಕೊಂಡಿತು. ದಿನದಿನಕ್ಕೂ ಹುಳಿಯಾಯಿತು. ಇನ್ನಷ್ಟು ಹುಳಿಯಾದರೆ ಕೆಟ್ಟು ಹೋಗುತ್ತದೆ. ಹೆಪ್ಪು ಕೆಟ್ಟರೆ ಅಜ್ಜಿಯ ಮೊಸರು ಅಲ್ಲಿಗೆ ಮುಗಿಯಿತು.

ಇತ್ತ ಮರಿಗೆಯಲ್ಲಿ ಪಾಯಸ ಹೋಯಿತು. ಹಳ್ಳದ ನಡುವೆ ಒಂದು ಬಂಡೆ. ಸೈನಿಕರು ಮರಿಗೆಯನ್ನು ಅದರ ಮೇಲಿಟ್ಟು ತಿರುಗಿ ಬಂದರು. ಇಟ್ಟವರು ಹಿಂದಿರುಗಿ ನೋಡಬಾರದು ಎಂಬುದು ಪುರಾತನ ಸಂಪ್ರದಾಯ. ಕರಿಗಿರಯ್ಯ ಅದನ್ನು ಹಿಂದಿನ ದಿನವಷ್ಟೇ ಕಂಡುಹಿಡಿದಿದ್ದ.

ಮರುದಿನ ಮರಿಗೆ ತುಂಬ ಮಾವಿನ ಉಪ್ಪಿನಕಾಯಿ. ದಂಡು ಬಂದಿರಲಿಲ್ಲ. ಮೆಂತೆಪುರದಲ್ಲಿ ವಾಲಗ ಊದಿಸಿದರು.

ಉಪ್ಪಿನಕಾಯಿಗೆ ಪಾಯಸ ಸಮನಲ್ಲ, ಇನ್ನೂ ಘನವಾದದ್ದು ಕಳಿಸಬೇಕು ಎಂದಾಯಿತು. ಕೋಲಾಟವನ್ನು ಮಡಚಿ ಮರಿಗೆಗೆ ಹಾಕಿದರು. ಅಂದಿನಿಂದ ಮೆಂತೆಪುರದಲ್ಲಿ ಕೋಲುಗಳಿದ್ದವು, ಆಟ ಇರಲಿಲ್ಲ. ಕೋಲಿನಿಂದ ನಾಯಿ ಓಡಿಸಿದರು. ಸಾಸಿವೆಗಡದಿಂದ ಒಂದು ಜೋಗುಳ ಬಂತು. ಸೈನಿಕರು ಬೆಳಿಗ್ಗೆಯೂ ಮಲಗತೊಡಗಿದರು.

ಜೋಗುಳಕ್ಕೆ ಬದಲಾಗಿ ಯುಗಾದಿ ಹೋಯಿತು. ಮೆಂತೆಪುರದಲ್ಲಿ ವರ್ಷ ಮುಂದಕ್ಕೆ ತಿರುಗಲಿಲ್ಲ. ಯಾರಿಗೂ ವಯಸ್ಸಾಗಲಿಲ್ಲ. ಬಸುರಿಯರು ಬಸುರಿಯರಾಗಿಯೇ ಉಳಿದರು, ಕರಿಗಿರಯ್ಯನನ್ನು ಕಂಡರೆ ಮುಖ ತಿರುಗಿಸಿದರು. ಆಮೇಲೆ ಗಾದೆಗಳು ಹೋದವು. ಜಗಳ ಮುಗಿಸಲು ಯಾರಿಗೂ ಬಾರದಾಯಿತು. ಇಬ್ಬರು ಅಣ್ಣತಮ್ಮಂದಿರು ಬೀದಿಯಲ್ಲಿ ಬಾಯಿ ತೆರೆದು ಹಾಗೇ ನಿಂತರು. ಪುಣ್ಯಕ್ಕೆ ಸಾಸಿವೆಗಡದಿಂದ ಬೈಗುಳ ಬಂತು. ಜಗಳ ಮುಂದುವರಿಯಿತು.

ದಂಡು ಮಾತ್ರ ಬರಲಿಲ್ಲ.

“ನೋಡಿದಿಯಾ?” ಎಂದ ಕರಿಗಿರಯ್ಯ, ಮರಿಗೆ ಕೇಳಲು ಮತ್ತೆ ಅರಮನೆಗೆ ಬಂದ ನಿಂಗಾಜಮ್ಮನಿಗೆ.

“ಆ ದಂಡನ್ನ ಯಾರಾದ್ರೂ ನೋಡಿದಾರಾ ಸ್ವಾಮಿ?” ಎಂದಳು ನಿಂಗಾಜಮ್ಮ.

“ನೋಡಬೇಕಾಗಿ ಬಾರದ ಹಾಗೆ ಮಾಡಿರುವುದೇ ನಮ್ಮ ಸಂಸ್ಕೃತಿ.”

ನಿಂಗಾಜಮ್ಮನಿಗೆ ಇದು ಸರಿ ಅನ್ನಿಸಲೂ ಇಲ್ಲ, ತಪ್ಪು ಅನ್ನಿಸಲೂ ಇಲ್ಲ. ಅಲ್ಲಿ ಏನಿದೆ ಎಂದು ತಿಳಿಯುವ ಆಸೆ ಮಾತ್ರ ಹುಟ್ಟಿತು. ಮರಿಗೆ ಅರಮನೆಯಲ್ಲಿ ರೇಷ್ಮೆ ದಿಂಬಿನ ಮೇಲೆ ಕೂತಿತ್ತು. ಅವಳು ಹತ್ತಿರ ಹೋಗಿ ಕೇಳಿದಳು.

“ಅಲ್ಲಿ ಏನೈತೆ?”

“ಹೇಳುವಂತಿಲ್ಲ,” ಎಂದಿತು ಮರಿಗೆ. “ನಾನೀಗ ರಾಯಭಾರಿ. ನನ್ನೊಳಗೆ ಹಾಕಿದ್ದನ್ನು ಮುಟ್ಟಿಸಬಹುದು. ಕಂಡದ್ದನ್ನು ಹೇಳಬಾರದು.”

“ನಿನ್ನನ್ನ ಬೂದಿ ಹಚ್ಚಿ ತಿಕ್ಕಿದೋಳು ನಾನು ಕಣೇ.”

“ಅದು ಸರಿ. ಬೆನ್ನ ಹಿಂದೆ ಸರಿಯಾಗಿ ತಿಕ್ಕುತ್ತಿರಲಿಲ್ಲ.”

ದಿನ ಕಳೆಯಿತು. ಮುಂಡಾಸು ಕಟ್ಟುವ ಬಗೆ ಹೋಯಿತು, ರಂಗೋಲಿ ಹೋಯಿತು, ಸೋಬಾನೆ ಪದ ಹೋಯಿತು. ಕೊನೆಗೆ ಮೆಂತೆಪುರದಲ್ಲಿ ಮೆಂತೆಪುರದ್ದು ಏನೂ ಉಳಿಯಲಿಲ್ಲ. ಊರಿನ ತುಂಬ ಸಾಸಿವೆಗಡದ ಸಂಸ್ಕೃತಿ. ಅದನ್ನು ತಿರುಗಿ ಕಳಿಸುವಂತಿಲ್ಲ. ಅವರು ಕೊಟ್ಟದ್ದನ್ನೇ ಅವರಿಗೆ ಹಾಕಿ ಕಳಿಸಿದರೆ ಮರ್ಯಾದೆ ಏನಾಗಬೇಕು?

ಕರಿಗಿರಯ್ಯ ಮನೆಮನೆ ಹುಡುಕಿದ. ನಿಂಗಾಜಮ್ಮನ ಅಡುಗೆಮನೆಯ ಮೂಲೆಯಲ್ಲಿ ಕರಟ ಕಂಡ.

“ಇದೇನು?”

“ಹೆಪ್ಪು.”

“ಯಾವ ಕಾಲದ್ದು?”

“ಅಜ್ಜಿ ಕಾಲದ್ದು.”

ಕರಿಗಿರಯ್ಯನ ಕಣ್ಣು ಒದ್ದೆಯಾಯಿತು. “ಕೊಡು. ನಾಡಿನ ಕೊನೆಯ ಪರಂಪರೆ ಇದು.”

ನಿಂಗಾಜಮ್ಮ ಕರಟವನ್ನು ಸೆರಗಿನೊಳಗೆ ಇಟ್ಟುಕೊಂಡಳು. “ಒಂದು ಚಮಚ ಕೊಡ್ತೀನಿ. ಹೆಪ್ಪು ಕೇಳಿದೋರಿಗೆ ಇಲ್ಲ ಅನ್ನಬಾರದು. ಆದ್ರೆ ಮರಿಗೆ ನಾನೇ ಹೊತ್ಕೊಂಡು ಹೋಗೋದು.”

“ಒಂದೇ ಚಮಚವೆ? ಉಳಿದದ್ದು?”

“ಉಳಿದದ್ದು ನನ್ನ ಹತ್ರ ಇರತ್ತೆ. ಕೊಟ್ಟ ಮೇಲೂ ಇರತ್ತೆ ಇದು.”

ಕೊಟ್ಟ ಮೇಲೂ ಇರುವ ಸಂಸ್ಕೃತಿಯ ಬಗ್ಗೆ ಕರಿಗಿರಯ್ಯ ಕೇಳಿರಲಿಲ್ಲ. ಬೇರೆ ದಾರಿ ಇಲ್ಲದೆ ಒಪ್ಪಿದ.

ನಿಂಗಾಜಮ್ಮ ಹಳ್ಳಕ್ಕಿಳಿದು ಮರಿಗೆಯನ್ನು ಬಂಡೆಯ ಮೇಲಿಟ್ಟಳು. ತಿರುಗಿ ಬರಲಿಲ್ಲ. ಕಾಲು ನೀರಿಗೆ ಬಿಟ್ಟು ಅಲ್ಲೇ ಕೂತಳು. ಯಾರು ಬರುತ್ತಾರೆ ನೋಡೋಣ ಎಂದು.

ಬಂದವನ ಕೈಯಲ್ಲಿ ಉದ್ದನೆಯ ಕತ್ತಿ ಇತ್ತು. ನಿಂಗಾಜಮ್ಮ ಮರಿಗೆಯನ್ನು ತಬ್ಬಿಕೊಂಡಳು.

“ಹೆದರಬೇಡಿ ಅಮ್ಮ,” ಎಂದ ಅವನು. “ಹಲಸು ಹೆಚ್ಚುತ್ತಿದ್ದೆ. ನಾನು ಸಾಸಿವೆಗಡದ ರಾಜ.”

“ಕಿರೀಟ ಎಲ್ಲಿ?”

“ಸೊಂಟಕ್ಕೆ ಕಟ್ಟಿಕೊಂಡಿದ್ದೇನೆ. ಮೇಣ ಹತ್ತುತ್ತದೆ.” ಅವನು ಮರಿಗೆಯೊಳಗೆ ಇಣುಕಿದ. “ಇದು ನಿಮ್ಮ ಕೊನೆಯದೇ?”

“ಹೌದು. ನಿಮ್ಮಲ್ಲಿ?”

“ನಮ್ಮಲ್ಲೂ ಎಲ್ಲ ಮುಗಿದಿದೆ. ಬೈಗುಳ ಕೂಡ ಇಲ್ಲ. ಹೆಂಡತಿ ಸಿಟ್ಟು ಬಂದಾಗ ನಿಮ್ಮ ಗಾದೆ ಹೇಳುತ್ತಾಳೆ. ಅದು ಇನ್ನೂ ನೋಯುತ್ತದೆ.”

ಅವನು ಹೆಪ್ಪನ್ನು ಹಲಸಿನ ಎಲೆಗೆ ಬಗ್ಗಿಸಿಕೊಂಡ. ಮರಿಗೆ ಹಿಡಿದು ಸುತ್ತ ನೋಡಿದ. ಬರಿದಾಗಿ ಕೊಡುವಂತಿರಲಿಲ್ಲ. ಆಮೇಲೆ ಬಗ್ಗಿ, ಮರಿಗೆಯೊಳಕ್ಕೆ ಮೆಲ್ಲಗೆ ಒಂದು ಮಾತು ಹಾಕಿದ. ಮೇಲೆ ಇನ್ನೊಂದು ಎಲೆ ಮುಚ್ಚಿದ.

“ಇದೊಂದು ಉಳಿದಿತ್ತು,” ಎಂದ. “ಯಾರೂ ಕೇಳಿರಲಿಲ್ಲ.”

ಮೆಂತೆಪುರದ ಅರಮನೆಯಲ್ಲಿ ಎಲ್ಲರೂ ಕಾದಿದ್ದರು. ರಾಜ ಎಲೆ ಸರಿಸಿದ. ಕಣ್ಣಿಗೆ ಏನೂ ಕಾಣಲಿಲ್ಲ. ಕಿವಿ ಇಟ್ಟ. ಒಳಗಿದ್ದುದನ್ನು ಮರಿಗೆ ಅವನೊಬ್ಬನಿಗೇ ಕೇಳುವಷ್ಟು ಮೆಲ್ಲಗೆ ಹೇಳಿತು. ರಾಜ ಕರಿಗಿರಯ್ಯನನ್ನು ನೋಡಿದ. ಕರಿಗಿರಯ್ಯ ಕಿವಿ ಇಟ್ಟ. ಅವನು ನೆಲವನ್ನು ನೋಡಿದ.

“ಪ್ರಭು, ಇದರಲ್ಲಿ ಏನಾದರೂ ಇದೆ ಎಂದರೆ,” ಎಂದ ಕರಿಗಿರಯ್ಯ, “ಏನಿದೆ ಎಂದು ಊರಿಗೆ ಹೇಳಬೇಕಾಗುತ್ತದೆ.”

ರಾಜ ಎಲೆ ಮುಚ್ಚಿದ. “ಬರಿದು,” ಎಂದ.

“ಬರಿದು ಅಂದ್ರೆ ನಂದು,” ಎಂದಳು ನಿಂಗಾಜಮ್ಮ.

“ನಿನ್ನದೇ. ತೆಗೆದುಕೊಂಡು ಹೋಗು.”

“ಭಾರ ಐತಲ್ಲ ಬುದ್ಧಿ.”

“ಬರಿದು ಎಂದೆನಲ್ಲ.”

ದಂಡು ಬರಲೇ ಇಲ್ಲ. ಮೆಂತೆಪುರದವರು ಹಳ್ಳದ ದಡದಲ್ಲಿ ಮರಿಗೆಯದೇ ಆಕಾರದ, ಆನೆಯಷ್ಟು ದೊಡ್ಡ ಕಲ್ಲು ನಿಲ್ಲಿಸಿದರು. ಸಂಸ್ಕೃತಿಯ ಗೆಲುವು ಎಂದು ಕೆತ್ತಿಸಿದರು. ಈ ಕತೆಯ ನೀತಿ ಅದೇ ಇರಬೇಕು. ಕೇಳಿದವರಿಗೆ ಪಾಯಸ, ಹೇಳಿದವನಿಗೆ ಪಾತ್ರೆ ತೊಳೆಯುವ ಕೆಲಸ.

ಅತ್ತ, ಮರಿಗೆ ಮನೆಗೆ ಬಂದ ದಿನವೇ ಸಂಜೆ ನಿಂಗಾಜಮ್ಮ ಹಾಲು ಕಾಯಿಸಿದಳು. ಕರಟದಿಂದ ಹೆಪ್ಪು ತೆಗೆದಳು.

“ತಾಳು,” ಎಂದಿತು ಮರಿಗೆ. “ಮೊದಲು ನನ್ನನ್ನು ಬಗ್ಗಿಸು. ಒಳಗೆ ಇನ್ನೂ ಅವರದು ಇದೆ.”

ನಿಂಗಾಜಮ್ಮ ಮರಿಗೆಯನ್ನು ಬಚ್ಚಲ ಕಡೆಗೆ ಬಗ್ಗಿಸಿದಳು. ಸಾಸಿವೆಗಡದ ರಾಜನ ಮಾತು ಹೊರಗೆ ಬಿತ್ತು.

“ನಮ್ಮಲ್ಲಿ ದಂಡು ಇಲ್ಲ.”