ಬುಡದ ಗೊಂಚಲು

“ಗುರುಗಳೇ, ಹನ್ನೆರಡು ವರ್ಷದಿಂದ ನಿಮ್ಮ ಪಕ್ಕದಲ್ಲೇ ಇದ್ದೇನೆ. ಮೊನ್ನೆ ಬಂದ ಕಿರಿಯ ಶಿಷ್ಯ ಹಳ್ಳಿಗಳಲ್ಲಿ ಮಾತಾಡಿದರೆ ಜನ ಕಣ್ಣೊರೆಸಿಕೊಳ್ಳುತ್ತಾರೆ. ಇಲ್ಲಿ ನಾನು ಬಾಯಿ ತೆರೆದರೆ ಎಲ್ಲರೂ ನಿಮ್ಮ ಮುಖ ನೋಡುತ್ತಾರೆ. ನನ್ನಲ್ಲೇನು ಕೊರತೆ?”

ಹಿರಿಯ ಶಿಷ್ಯ ಹೀಗೆ ಕೇಳಿದಾಗ ಅವನ ಗಂಟುಮೂಟೆ ಕಟ್ಟಿಯೇ ಇತ್ತು. ಕೊರತೆ ತನ್ನದೇ ಎಂದಾದರೆ ಮಠ ಬಿಡುವುದೆಂದು ನಿಶ್ಚಯಿಸಿದ್ದ. ಗುರು ಒಂದು ಕತೆ ಹೇಳಿದರು.

ಒಬ್ಬ ರೈತ ದ್ರಾಕ್ಷಿ ಬಳ್ಳಿಯನ್ನು ಚಪ್ಪರಕ್ಕೆ ಹಬ್ಬಿಸಿದ್ದ. ಒಂದು ಎಲೆಯನ್ನೂ ಯಾರಿಗೂ ಕೀಳಗೊಡುತ್ತಿರಲಿಲ್ಲ. ನೀರು, ಗೊಬ್ಬರ ಮೊದಲು ಮುಟ್ಟುವುದು ಬುಡಕ್ಕೆ. ಹಾಗಾಗಿ ಬುಡದ ಹತ್ತಿರದ ಗೊಂಚಲೇ ಶ್ರೇಷ್ಠ ಎಂದು ಅವನು ನಂಬಿದ್ದ. ಅಂಚಿನ ಹಣ್ಣನ್ನು ದಾರಿಹೋಕರಿಗೆ ಹಂಚಿ, ಬುಡದ ಹಣ್ಣನ್ನು ಬೀಗರಿಗೆಂದು ಉಳಿಸಿದ. ದಾರಿಹೋಕರು ಇನ್ನಷ್ಟು ಬೇಡಿ ಮರಳಿ ಬಂದರು. ಬೀಗಿತ್ತಿ ಒಂದು ಹಣ್ಣು ಬಾಯಿಗಿಟ್ಟು, ಒಂದು ಕಣ್ಣು ಮುಚ್ಚಿ, ತಟ್ಟೆಯನ್ನು ಮೆಲ್ಲಗೆ ಸರಿಸಿದಳು.

ರೈತನಿಗೆ ತಲೆ ಎತ್ತಲಾಗದಂತಾಯಿತು. ಬುಡದ ಕೊಂಬೆಯ ಜಾತಿಯೇ ಹುಳಿ ಎಂದು ಕೊಡಲಿ ಎತ್ತಿಕೊಂಡು ಹೊರಟ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಹೆಂಡತಿ ನಕ್ಕಳು. ನಡುಮಧ್ಯಾಹ್ನ ಗಂಡನ ಬಿಳಿ ಪಂಚೆಯನ್ನು ಚಪ್ಪರದಂಚಿನ ಕೆಳಗೆ ಹಾಸಿದಳು. ಪಂಚೆಯ ತುಂಬ ಬಿಸಿಲಿನ ಚುಕ್ಕೆಗಳು. ಅದನ್ನೇ ಬುಡದ ಬಳಿಗೆ ಎಳೆದಳು. ಒಂದು ಚುಕ್ಕೆಯೂ ಬೀಳಲಿಲ್ಲ.

“ಉಣ್ಣೋಕೆ ಕೊಟ್ಟಿರಿ, ಬೆಳಕು ಕೊಡಲಿಲ್ಲ. ಕೊಡಲಿ ಇಡಿ, ಕತ್ತರಿ ಹಿಡೀರಿ,” ಎಂದಳು.

ರೈತ ಗೊಂಚಲಿನ ಮೇಲೆ ಕವಿದಿದ್ದ ಚಿಗುರುಗಳನ್ನು ಕತ್ತರಿಸಿದ. ಚಪ್ಪರದ ತಲೆ ಬೋಳಿಸಿದ್ದಾನೆ ಎಂದು ಊರು ಆಡಿಕೊಂಡಿತು. ಮರುವರ್ಷ ಅದೇ ಕೊಂಬೆಯ ಹಣ್ಣು ಅಂಚಿನದನ್ನೂ ಮೀರಿಸಿತು. ಬೀಗಿತ್ತಿ ಎರಡು ಗೊಂಚಲು ತಿಂದು, ಮೂರನೆಯದನ್ನು ಸೆರಗಿಗೆ ಕಟ್ಟಿಕೊಂಡಳು. ಆಡಿಕೊಂಡ ಊರೇ ಕತ್ತರಿ ಕೇಳಿಕೊಂಡು ಬಂತು. ರೈತ ಎದೆಯುಬ್ಬಿಸಿ ಚಪ್ಪರದ ಕೆಳಗೆ ನಿಂತ. ಅವನ ಬೋಳು ತಲೆಯ ಮೇಲೂ ಬಿಸಿಲಿನ ಚುಕ್ಕೆ ಆಡುತ್ತಿತ್ತು.

ಶಿಷ್ಯನ ಎದೆ ಹಗುರಾಯಿತು. ಕೊಂಬೆಯಲ್ಲಿ ಕೊರತೆ ಇರಲಿಲ್ಲ. ಆದರೂ ಒಂದು ಪ್ರಶ್ನೆ ಉಳಿದಿತ್ತು. ತನ್ನ ಮೇಲೆ ಕವಿದ ಎಲೆ ಯಾವುದು ಎಂದು ಕೇಳಿದ.

ಗುರು ತಮ್ಮ ಆಸನದಿಂದ ಎದ್ದು ಪಕ್ಕಕ್ಕೆ ಸರಿದರು.

“ನಾನೇ ಆ ಎಲೆ. ನಾಳೆಯ ಪ್ರವಚನಕ್ಕೆ ಇಲ್ಲಿ ನೀನು ಕೂರು.”

ಶಿಷ್ಯ ಕಟ್ಟಿಟ್ಟಿದ್ದ ಗಂಟುಮೂಟೆ ಬಿಚ್ಚಿದ.