ಸಡಿಲ ಚಿಲಕ ಮತ್ತು ಎರಡು ಪಿಸ್ತೂಲು

ಶಾಂತವೀರಪ್ಪನವರ ಬೀರುವಿನಲ್ಲಿ ಎರಡು ಪಿಸ್ತೂಲುಗಳು ಆಯುಧಪೂಜೆಯ ಕುಂಕುಮ ಹಚ್ಚಿಕೊಂಡು ಮೆರೆಯುತ್ತಿದ್ದವು.

“ನನ್ನ ಗುಂಡು ದಪ್ಪ. ಕಳ್ಳನಿಗೆ ಒಂದೇ ಸಾಕು,” ಎಂದಿತು ದೊಡ್ಡದು.

“ನನ್ನದು ಸಣ್ಣದಾದರೂ ಗುರಿ ತಪ್ಪದು. ಈ ಮನೆ ಕಾಯುವುದು ನಾನೇ,” ಎಂದಿತು ಚಿಕ್ಕದು.

ಹಿತ್ತಿಲ ಬಾಗಿಲ ಚಿಲಕ ನಕ್ಕಿತು. “ಮಹಾಶೂರರೇ, ನನ್ನ ಸ್ಕ್ರೂ ಬಿದ್ದು ಮೂರು ತಿಂಗಳಾಯಿತು. ಯಜಮಾನರಿಗೆ ಹೇಳಿ.”

“ನಮ್ಮೆದುರು ಸ್ಕ್ರೂವಿನ ಮಾತೇ? ಯಜಮಾನರು ಯಾವ ಗುಂಡು ಮೇಲೆಂದು ವಿಚಾರಿಸಲು ಅಂಗಡಿಗೆ ಹೋಗಿದ್ದಾರೆ!” ಎಂದು ಎರಡೂ ಗದರಿದವು.

ಮಧ್ಯಾಹ್ನ ಕಳ್ಳ ಬಂದು ಬಾಗಿಲನ್ನು ಬೆರಳಲ್ಲೇ ತಳ್ಳಿದ. ಚಿಲಕ ಕಳಚಿ ಬಿತ್ತು. ಅವನು ಪಿಸ್ತೂಲುಗಳನ್ನೂ ಗುಂಡುಗಳನ್ನೂ ಚೀಲಕ್ಕೆ ತುಂಬುವಷ್ಟರಲ್ಲಿ ಶಾಂತವೀರಪ್ಪನವರು ಎದುರಿಗೆ ಬಂದು ನಿಂತರು. ಕಳ್ಳ ಚೀಲದೊಳಗೆ ಕೈ ಹಾಕಿದ.

ಅಲ್ಲಿ ವಾದ ಇನ್ನೂ ಮುಗಿದಿರಲಿಲ್ಲ: “ಯಜಮಾನರಿಗೆ ದಪ್ಪ ಗುಂಡೇ ಬೇಕೋ, ಸಣ್ಣದೇ ಸಾಕೋ?”